ತಗ್ಗಿಸಿದ ಸೀಟು

ಅಂಗಡಿಬೀದಿಯವರು ಅವನನ್ನು ಬ್ರೆಡ್ಡಣ್ಣ ಎಂದೇ ಕರೆಯುತ್ತಿದ್ದರು. ಬೇಕರಿಯಿಂದ ಬ್ರೆಡ್ಡು, ಬನ್ನು ತುಂಬಿಕೊಂಡು ಬೆಳಗಾಗುವಷ್ಟರಲ್ಲಿ ಅಂಗಡಿ ಅಂಗಡಿಗೂ ಹಂಚುವುದು ಅವನ ಕಸುಬು. ಅವನ ವ್ಯಾನಿಗೆ ವಯಸ್ಸಾಗಿತ್ತು. ಅದು ಬರುವ ಮೊದಲೇ ಅದರ ಕೆಮ್ಮು ಬರುತ್ತಿತ್ತು.

"ಭಾವ, ಅದನ್ನ ಗುಜರಿಗೆ ಹಾಕಿ ಪುಣ್ಯ ಕಟ್ಕೊಳ್ಳಿ. ನೀವು ಓಡಿಸಿದ್ದಕ್ಕಿಂತ ನಾನು ತಳ್ಳಿದ್ದೇ ಜಾಸ್ತಿ," ಎಂದು ಹೆಂಡತಿಯ ತಮ್ಮ ಹಂಗಿಸುತ್ತಿದ್ದ. ಬ್ರೆಡ್ಡಣ್ಣ ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಕಾರಣ ಹೆಂಡತಿ. ಪಾರ್ಶ್ವವಾಯು ಬಡಿದು ಅವಳ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ಮನೆಯೊಳಗೆ ಕುಳಿತು ಕುಳಿತು ಮಾತೇ ಬತ್ತಿಹೋಗಿತ್ತು. ಹೊರಗೆ ಕರೆದೊಯ್ಯೋಣವೆಂದರೆ ವ್ಯಾನಿನ ಸೀಟು ಎತ್ತರ. ಎತ್ತಿ ಕೂರಿಸಲು ಹೋಗಿ ಇಬ್ಬರೂ ಬಿದ್ದು, ಅವಳ ಭುಜ ಕಳಚಿತ್ತು. ಆಮೇಲೆ ಒಂದು ಭಾನುವಾರ ಅವನು ಗರಗಸ ಹಿಡಿದು ಕುಳಿತ. ಸೀಟಿನ ಕೆಳಗಿನ ಪೆಟ್ಟಿಗೆಯನ್ನು ಕಿತ್ತ. ಅದರಡಿಯಲ್ಲಿ ಅಡ್ಡಲಾಗಿ ಹಾಯ್ದಿದ್ದ ಕಬ್ಬಿಣದ ಪಟ್ಟಿಯನ್ನೂ ಕೊಯ್ದ. ಸೀಟು ಗಾಲಿಕುರ್ಚಿಯ ಮಟ್ಟಕ್ಕೆ ಇಳಿಯಿತು. ಹೆಂಡತಿ ಕುರ್ಚಿಯಿಂದ ಹಾಗೇ ಜರುಗಿ ಒಳಗೆ ಕುಳಿತಳು.

ಅಂದಿನಿಂದ ಹಾರ್ನ್ ಅವಳ ಪಾಲಾಯಿತು. ಬಲಗೈ ಚಾಚಿ ಒತ್ತುವಳು. ಅಂಗಡಿಯವನು ಕಣ್ಣುಜ್ಜುತ್ತ ಹೊರಬಂದರೆ, "ಅಂಗಡಿ ತೆರೆದಾಯ್ತು, ಕಣ್ಣು ಯಾವಾಗಪ್ಪ ತೆರೀತೀಯಾ?" ಎನ್ನುವಳು. ನಾಲಿಗೆ ತೊದಲುತ್ತಿತ್ತು, ಚುರುಕು ಮಾತ್ರ ಹೋಗಿರಲಿಲ್ಲ.

ಈಚೆಗೆ ಅವಳ ಕಡೆಯ ಬಾಗಿಲು ಮುಚ್ಚಿದರೆ ನಿಲ್ಲದಾಯಿತು. ವ್ಯಾನು ಎಡಕ್ಕೆ ಎಳೆಯತೊಡಗಿತು. ಒಂದು ತಿರುವಿನಲ್ಲಿ ಬಾಗಿಲು ತಾನಾಗಿ ತೆರೆದುಕೊಂಡಿತು. ಬೆಲ್ಟ್ ಕಟ್ಟಿದ್ದಕ್ಕೆ ಅವಳು ಉಳಿದಳು. ಅವನು ಅಂದೇ ವ್ಯಾನನ್ನು ಗ್ಯಾರೇಜಿಗೆ ಒಯ್ದ.

ಮೆಕ್ಯಾನಿಕ್ ವ್ಯಾನಿನಡಿ ನುಸುಳಿ ಬಹಳ ಹೊತ್ತು ಅಲ್ಲೇ ಇದ್ದ.

"ಇಂಜಿನ್ ಪರವಾಗಿಲ್ಲ ಅಣ್ಣ. ಸೊಂಟ ಮುರಿದಿದೆ. ಈ ಪಟ್ಟಿ ಕೊಯ್ದ ಪುಣ್ಯಾತ್ಮ ಯಾರು?"

"ನಾನೇ."

"ಕೂತ ಕೊಂಬೆನೇ ಕಡಿದ ಹಾಗಾಯ್ತಲ್ಲ!" ಮೆಕ್ಯಾನಿಕ್ ನಕ್ಕ. ಬ್ರೆಡ್ಡಣ್ಣನ ಮುಖ ನೋಡಿ ನಗು ನುಂಗಿಕೊಂಡ. "ಹೊಸ ಪಟ್ಟಿ ಬೆಸುಗೆ ಹಾಕಿದ್ರೆ ಇನ್ನೂ ಕೆಲವು ವರ್ಷ ಓಡುತ್ತೆ. ಆದ್ರೆ ಸೀಟು ಮೊದಲಿನಷ್ಟೇ ಮೇಲಕ್ಕೆ ಹೋಗುತ್ತೆ. ಬೇರೆ ವ್ಯಾನ್ ತಗೊಂಡ್ರೂ ಇದೇ ಕಥೆ."

"ಹೀಗೇ ಬಿಟ್ರೆ?"

"ಒಂದಿನ ನಡುರಸ್ತೇಲಿ ಎರಡಾಗುತ್ತೆ. ಅದೂ ಅತ್ತಿಗೆ ಕೂರೋ ಕಡೆಯಿಂದ."

ಗುಜರಿ ಎಂದವರ ಮಾತನ್ನು ಇಷ್ಟು ವರ್ಷ ಕಿವಿಗೇ ಹಾಕಿಕೊಳ್ಳದವನು ಅಂದು ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, "ವ್ಯಾನ್ ಗುಜರಿಗೆ ಹಾಕ್ತೀನಿ," ಎಂದ. ಪಟ್ಟಿಯ ವಿಷಯವನ್ನು ಹೆಂಡತಿ ಒಂದೊಂದೇ ಪ್ರಶ್ನೆ ಕೇಳಿ ಬಾಯಿ ಬಿಡಿಸಿದಳು.

"ಆಮೇಲೆ ಹೊಟ್ಟೆಗೆ?"

"ಬೇರೆ ಕೆಲಸ ನೋಡ್ತೀನಿ."

"ಈ ಬಿಳಿ ತಲೆಗೆ ಯಾರ್ರೀ ಕೆಲಸ ಎತ್ತಿಟ್ಟಿದ್ದಾರೆ? ಸುಮ್ಮನೆ ಪಟ್ಟಿ ಹಾಕಿಸಿ."

"ಮತ್ತೆ ನೀನು?"

ಅವಳು ಬಲಗೈಯಿಂದ ಎಡಗೈಯನ್ನು ಎತ್ತಿ ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡಳು. "ನನಗೂ ಕತ್ತಲಲ್ಲಿ ಏಳೋದು ಸಾಕಾಗಿದೆ. ಇನ್ನು ಮೇಲಾದ್ರೂ ಕಣ್ತುಂಬ ನಿದ್ದೆ ಮಾಡ್ತೀನಿ."

ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ದಿನವೂ ಅವನನ್ನು ತಟ್ಟಿ ಎಬ್ಬಿಸುತ್ತಿದ್ದವಳೇ ಅವಳು. ಅವನು ಮರುದಿನ ಪಟ್ಟಿ ಹಾಕಿಸಿದ.

ವ್ಯಾನು ಮನೆಗೆ ಬಂದ ಮಾರನೆಯ ಬೆಳಿಗ್ಗೆ ಯಾರೂ ತಟ್ಟಲಿಲ್ಲ. ಅವನೇ ಎದ್ದ. ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಚ್ಚರವಾಗಿದ್ದಾಳೆಂದು ಉಸಿರಿನಿಂದಲೇ ತಿಳಿಯುತ್ತಿತ್ತು. ಅವನು ದೀಪ ಹಾಕದೆ, ತಡಕಾಡಿ ಅಂಗಿ ತೊಟ್ಟುಕೊಂಡ. ನಿಜವಾಗಿ ನಿದ್ದೆ ಹೋದವರನ್ನು ಎಬ್ಬಿಸಬಾರದೆಂಬಂತೆ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಟ.