ಅಮ್ಮ ಎಳೆದ ಚೋಕ್

ಕೈಯಿಂದ ಪೆಟ್ರೋಲ್ ವಾಸನೆ ಇನ್ನೂ ಹೋಗಿಲ್ಲ, ಸಿಟ್ಟೂ ಇಳಿದಿಲ್ಲ. ನನ್ನ ಹಳೆಯ ಕಾರಿಗೆ ಹೊಗೆ ಸಲೀಸಾಗಿ ಹೋಗುವ ಹೊಸ ಸೈಲೆನ್ಸರ್ ಹಾಕಿಸಿದ್ದೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ನೀವು ಕೇಳಬಹುದು, ಹೆಂಡತಿ ಕೇಳಿಯಾಗಿದೆ. ಹೊಗೆ ಸಲೀಸಾಗಿ ಹೊರಬಿದ್ದರೆ ಇಂಜಿನ್ ಹೆಚ್ಚು ಗಾಳಿ ಎಳೆಯುತ್ತದೆ. ಅದಕ್ಕೆ ತಕ್ಕಂತೆ ಕಾರ್ಬ್ಯುರೇಟರ್ ಪೆಟ್ರೋಲನ್ನೂ ಹೆಚ್ಚು ಕೊಡಬೇಕು. ಇಲ್ಲದಿದ್ದರೆ ಕಾರು ಕೆಮ್ಮುತ್ತದೆ, ಪಟಪಟ ಸಿಡಿಯುತ್ತದೆ, ವಿಪರೀತ ಕಾಯುತ್ತದೆ. ಇವತ್ತು ಬೆಳಿಗ್ಗೆ ಸಯನ್ನಿನ ನಮ್ಮ ಬಿಲ್ಡಿಂಗ್ ಕೆಳಗೆ ಹಾಗೇ ಕೆಮ್ಮಿತು. ಬಾನೆಟ್ ಎತ್ತಿ ಕಾರ್ಬ್ಯುರೇಟರ್ ತಡಕಾಡಿದರೂ ಸರಿಹೋಗಲಿಲ್ಲ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಚೋಕ್ ಗುಬ್ಬಿಯನ್ನು ಸುಮ್ಮನೆ ಸ್ವಲ್ಪ ಎಳೆದೆ. ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಿತು, ಕೆಮ್ಮು ನಿಂತಿತು. ಹಿಂದೆ ಅಮ್ಮ ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ? ನನ್ನ ಮೈ ಉರಿದದ್ದು ಆಗ.

ನಾವು ವಡಾಲದಲ್ಲಿದ್ದಾಗ ಫಿಯೆಟ್ ಓಡಿಸುತ್ತಿದ್ದವಳು ಅಮ್ಮ. ಅಪ್ಪನಿಗೆ ಕ್ಲಚ್ ಎಂದರೆ ಭಯ. ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದರು. ಅಮ್ಮನನ್ನು ಒಂದು ಮಾತೂ ಕೇಳದೆ ಚಿಕ್ಕಪ್ಪ ಆ ಕಾರಿಗೆ ಇಂಥದೇ ಸೈಲೆನ್ಸರ್ ಹಾಕಿಸಿದ. ಅಷ್ಟಕ್ಕೇ ಬಿಟ್ಟನೇ? ನಮ್ಮ ಸಂಬಳದ ಜನಕ್ಕೆ ಮೈಲೇಜೇ ಮನೆದೇವರು. ಕಾರ್ಬ್ಯುರೇಟರ್ ಸ್ಕ್ರೂ ಬಿಗಿ ಮಾಡಿ, ಬರುತ್ತಿದ್ದ ಪೆಟ್ರೋಲನ್ನೂ ಕಡಿಮೆ ಮಾಡಿದ. ಬಾಯಾರಿದವನ ಕೈಯಿಂದ ಲೋಟ ಕಿತ್ತುಕೊಂಡ ಹಾಗೆ.

ಕಾರು ಸೇತುವೆ ಹತ್ತಲಾರದೆ ಕೆಮ್ಮಿದಾಗೆಲ್ಲ ಅಮ್ಮ ಚೋಕ್ ಅರ್ಧ ಎಳೆದು ಹೊರಟುಬಿಡುತ್ತಿದ್ದಳು. "ಎಳೆದ್ರೆ ಸರಿಯಾಗಿ ಓಡತ್ತಪ್ಪ, ಅದಕ್ಕೆ ಏನೋ ಕಮ್ಮಿ ಬೀಳ್ತಿದೆ" ಎಂದು ಚಿಕ್ಕಪ್ಪನಿಗೆ ಹೇಳಿಯೂ ಹೇಳಿದಳು.

"ಅತ್ತಿಗೆ, ಗಾಡಿ ಸ್ಟಾರ್ಟ್ ಆದ್ಮೇಲೆ ಯಾರಾದ್ರೂ ಚೋಕ್ ಎಳೀತಾರಾ? ನಿಮಗೆ ಇದೆಲ್ಲ ಸಮಜ್ ಆಗಲ್ಲ, ಛೋಡಿ, ಬಿಟ್ಬಿಡಿ" ಎಂದು ಅವನು ಅದನ್ನು ಒಳಗೆ ತಳ್ಳಿದ.

ಪೆಟ್ರೋಲ್ ಸಾಲದೆ ವಿಪರೀತ ಕಾದು ಸ್ವಲ್ಪ ದಿನಕ್ಕೇ ಇಂಜಿನ್ನಿನ ವಾಲ್ವ್ ಸುಟ್ಟುಹೋಯಿತು. ಮನೆತುಂಬ ಒಂದೇ ಮಾತು: ಅತ್ತಿಗೆ ಚೋಕ್ ಎಳೆದೂ ಎಳೆದೂ ಇಂಜಿನ್ ಸುಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕಾರು ಮಾರಿದರು. ಅಮ್ಮ ಮತ್ತೆಂದೂ ಸ್ಟೀರಿಂಗ್ ಮುಟ್ಟಲಿಲ್ಲ. ಗೋರೆಗಾಂವಿನಲ್ಲಿರುವ ಚಿಕ್ಕಪ್ಪನ ಮನೆಗೆ ಊಟಕ್ಕೆ ಹೋದಾಗಲೆಲ್ಲ ಅವನು ಉಪ್ಪಿನಕಾಯಿಯ ಜೊತೆ ಈ ಕಥೆಯನ್ನೂ ಬಡಿಸುತ್ತಾನೆ. ಎಲ್ಲರೂ ನಗುತ್ತಾರೆ.

ಕೈ ಕೂಡ ಒರೆಸಿಕೊಳ್ಳದೆ ಮೇಲೆ ಓಡಿ, ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಈಗಲೇ ಚಿಕ್ಕಪ್ಪನಿಗೆ ಫೋನ್ ಮಾಡಿ ಗ್ರಹಚಾರ ಬಿಡಿಸುತ್ತೇನೆ ಎಂದು ಕೂಗಾಡಿದೆ. ಅಮ್ಮನೂ ರೇಗುತ್ತಾಳೆ ಎಂದುಕೊಂಡಿದ್ದೆ. ಅವಳು ಚಾಕು ಕೆಳಗಿಟ್ಟಳು.

"ಹಾಗಾದ್ರೆ ನಾನು ಹಾಳು ಮಾಡ್ಲಿಲ್ವೇನೋ?"

ಇಷ್ಟು ವರ್ಷ ಅವಳೂ ಅದನ್ನೇ ನಂಬಿಕೊಂಡು ಬಂದಿದ್ದಳು.

"ಇನ್ನೊಂದ್ಸಲ ಹೇಳು. ನಿಧಾನಕ್ಕೆ ಹೇಳು" ಎಂದಳು.

ಫೋನ್ ಪಕ್ಕಕ್ಕಿಟ್ಟು ಮೊದಲಿನಿಂದ ಮತ್ತೆ ಹೇಳತೊಡಗಿದೆ. ಚಿಕ್ಕಪ್ಪ ಕಾಯಲಿ.