ಊತ ಇಳಿಸುವ ಮಾತ್ರೆ ಮತ್ತು ಇಬ್ಬರು ವಾರಗಿತ್ತಿಯರು

ಭಾವ ಹಿತ್ತಲಿನ ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ ಬೀಗ ಜಡಿದಿದ್ದಾರೆ ಎಂದು ಗೊತ್ತಾದ ದಿನವೇ ನಾನು ಅಕ್ಕನ ಊರಾದ ಸಾಸಲಿಗೆ ಬಸ್ಸು ಹತ್ತಿದೆ. ಬೆಕ್ಕು ಬೀಳುತ್ತದೆ ಎಂದು ಯಾರಾದರೂ ಬಾವಿಗೆ ಬೀಗ ಹಾಕುತ್ತಾರೆಯೇ? (ಭಾವ ಊರಿಗೆಲ್ಲ ಹೇಳಿದ್ದು ಹಾಗೆ.)

ನನ್ನಕ್ಕ ಸರೋಜ ನಡುಮನೆಯಲ್ಲಿ ಗೋಡೆಗೊರಗಿ ಕುಳಿತಿದ್ದಳು. ವರ್ಷದಿಂದ ಅವಳಿಗೆ ಕೀಲುಗಳೆಲ್ಲ ಊದಿ, ಬೆಳಗ್ಗೆ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಅದು ನಮಗೆಲ್ಲ ಗೊತ್ತಿತ್ತು. ಈಗ ಮಾತೂ ನಿಂತಿತ್ತು. ಊಟ ಬೇಡ, ನಿದ್ದೆ ಇಲ್ಲ. ಅಕ್ಕಪಕ್ಕದವರು ಸೋಂಬೇರಿತನ ಅಂದರು.

ದೊಡ್ಡಬಳ್ಳಾಪುರದ ಲೇಡಿ ಡಾಕ್ಟರ ಬಳಿ ಕರೆದೊಯ್ದೆವು. ಅವರು ಅಕ್ಕನ ಬೆರಳ ಗಿಣ್ಣುಗಳನ್ನು ಒತ್ತಿ ನೋಡಿದರು. ಆಮೇಲೆ ಬಹಳ ಮೆಲ್ಲಗೆ, "ಬದುಕಿರೋದೇ ಬೇಡ ಅನ್ನಿಸುತ್ತೇನಮ್ಮಾ?" ಅಂದರು.

ಅಕ್ಕ "ಹೂಂ" ಅಂದಳು.

ಬಾವಿಗೆ ಬೀಗ ಹಾಕಿದ್ದ ಭಾವ ಮುಖ ಆ ಕಡೆ ತಿರುಗಿಸಿದರು.

ಡಾಕ್ಟರು ಊತ ಇಳಿಸುವ ಮಾತ್ರೆ ಬರೆದರು. ಬೆಂಗಳೂರಿನ ಮನೋವೈದ್ಯರಿಗೂ ಒಂದು ಚೀಟಿ ಕೊಟ್ಟರು.

"ಕೀಲುನೋವಿಗೆ ಬಂದ್ರೆ ಹುಚ್ಚಿನ ಡಾಕ್ಟ್ರ ಹತ್ರ ಕಳಿಸ್ತೀರಲ್ಲ ಮೇಡಂ!" ಭಾವ ರೇಗಿದರು.

"ಮೈಯ ಊತ ಇಳಿದ್ರೆ ಕೆಲವರಿಗೆ ಮನಸ್ಸೂ ಹಗುರ ಆಗೋದನ್ನ ನೋಡಿದೀನಿ. ನೋವು ಹೋಗಿದ್ದಕ್ಕೋ, ಊತಕ್ಕೂ ಮನಸ್ಸಿಗೂ ಒಳಗೇ ಏನಾದ್ರೂ ನಂಟಿದೆಯೋ, ಇನ್ನೂ ಸರಿಯಾಗಿ ಗೊತ್ತಿಲ್ಲ. ಕೆಲವರಿಗೆ ಏನೂ ಆಗಲ್ಲ. ಅದಕ್ಕೇ ಎರಡೂ ಕಡೆ ತೋರಿಸಿ ಅಂದಿದ್ದು."

ಭಾವ ಚೀಟಿಯನ್ನು ಜೇಬಿಗಿಟ್ಟರು. ಬೆಂಗಳೂರಿಗೆ ಹೋಗಲಿಲ್ಲ. ಆದರೆ ಊತ ಇಳಿಯಿತು. ಒಂದು ಬೆಳಗ್ಗೆ ಅಕ್ಕ, "ಸಾರಿಗೆ ಇಷ್ಟು ಉಪ್ಪು ಸುರಿದೋರು ಯಾರು?" ಎಂದು ಗದರಿದಳಂತೆ. ಭಾವ ಎಸ್‌ಟಿಡಿ ಬೂತಿನಿಂದ ನನಗೆ ಅದನ್ನು ಹೇಳುತ್ತಾ ಅತ್ತೇಬಿಟ್ಟರು.

ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಕಳೆದ ವಾರ ಮತ್ತೆ ಫೋನ್ ಬಂತು. ಅಕ್ಕನ ವಾರಗಿತ್ತಿ ರತ್ನ, ಅಂದರೆ ಭಾವನ ತಮ್ಮನ ಹೆಂಡತಿ, ರಕ್ತವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದಳು. ಹೆತ್ತ ಮಗು ಉಳಿಯದೆ ಹೋದ ಮೇಲೆ ಅವಳು ಮುಸುಕೆಳೆದು ಮಲಗಿಬಿಟ್ಟಿದ್ದಳು. ಭಾವ ಮೆಡಿಕಲ್ ಸ್ಟೋರಿನಿಂದ ಅಕ್ಕನ ಮಾತ್ರೆಯನ್ನೇ ತಂದುಕೊಟ್ಟಿದ್ದರು. ಅದೂ ಊಟ ಬಿಟ್ಟ ಖಾಲಿ ಹೊಟ್ಟೆಗೆ.

ನಾನು ಓಡಿದೆ. ಭಾವ ವಾರ್ಡಿನ ಹೊರಗೆ ನಿಂತಿದ್ದರು. "ಸರೋಜಂಗೆ ವಾಸಿ ಆಯ್ತಲ್ಲ, ಇವಳಿಗೂ ಆಗ್ಲಿ ಅಂತ ಕಣಪ್ಪಾ..." (ಕೆಟ್ಟ ಮನುಷ್ಯರಲ್ಲ ನಮ್ಮ ಭಾವ.)

ಅದೇ ಲೇಡಿ ಡಾಕ್ಟರು ಹೊರಬಂದರು. "ಖಾಲಿ ಹೊಟ್ಟೆಗೆ ಆ ಮಾತ್ರೆ ಹುಣ್ಣು ಮಾಡಿತ್ತು. ರಕ್ತ ನಿಂತಿದೆ. ಉಳ್ಕೋತಾಳೆ," ಎಂದರು. ಆಮೇಲೆ ಭಾವನ ಕಡೆ ತಿರುಗಿ, "ಇವಳಿಗೆ ಊತ ಎಲ್ಲಿತ್ತು ರೀ?" ಎಂದು ಕೇಳಿದರು.

ಡಾಕ್ಟರು ಉತ್ತರಕ್ಕೆ ಕಾಯಲಿಲ್ಲ.

"ಇವಳು ಚೇತರಿಸಿಕೊಂಡ ಮೇಲೆ ಇಬ್ಬರನ್ನೂ ಬೆಂಗಳೂರಿಗೆ ಕರ್ಕೊಂಡು ಹೋಗಿ." ಈ ಸಲ ಭಾವ ಹೂಂ ಎಂದು ತಲೆಯಾಡಿಸಿದರು.

ಒಳಗೆ ಅಕ್ಕ ರತ್ನಳ ಕೈ ಹಿಡಿದು ಕೂತಿದ್ದಳು. "ಏನಾಗ್ತೈತೆ ನಿಂಗೆ? ನಂಗಾದ್ರೂ ಹೇಳೇ," ಎಂದಳು.

ರತ್ನ ಬಿಕ್ಕಿದಳು. "ಮಗು ಹೋದಾಗ್ನಿಂದ ಈ ಮಾತು ಯಾರೂ ಕೇಳ್ಲಿಲ್ಲ ಅಕ್ಕಾ."

ಕೀಲು ಊದಿದರೆ ನಾವು ಮುಟ್ಟಿ ನೋಡುತ್ತೇವೆ. ಎಲ್ಲೂ ಊದದೆ ಮಲಗಿದವಳನ್ನು ಏನಾಯ್ತೆಂದು ಕೇಳಲು ನಮಗೇನು ರೋಗ?