ಬಾವಿಯಲ್ಲಿ ಉಳಿದಿದ್ದ ಹಳೆಯ ಗಾಳಿ

ನನ್ನ ಚಿಕ್ಕಪ್ಪ ಸತ್ತಿದ್ದು ಬಾವಿಯಲ್ಲಿ, ಆದರೆ ಮುಳುಗಿ ಅಲ್ಲ. ಆ ಬೇಸಿಗೆಯಲ್ಲಿ ಬಾವಿಯಲ್ಲಿ ನೀರೇ ಇರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಜಗಳೂರಿನ ಹತ್ತಿರದ ನಮ್ಮೂರಿನಲ್ಲಿ, ಮನೆಯ ಹಿಂದೆ, ಬಹಳ ದಿನದಿಂದ ಬಳಸದೆ ಬಿಟ್ಟ ಬಾವಿಯೊಂದಿತ್ತು. ತಳದಲ್ಲಿ ಕೊಳೆತ ಎಲೆ, ಕಪ್ಪು ಕೆಸರು. ಹೂಳು ತೆಗೆದರೆ ಸೆಲೆ ಒಡೆದೀತೆಂದು ಚಿಕ್ಕಪ್ಪ ಹಗ್ಗ ಹಿಡಿದು ಇಳಿದ. ಅವನ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಇಳಿಯುತ್ತ ಮೇಲೆ ನೋಡಿ ಚಿಕ್ಕಮ್ಮನಿಗೆ ಏನೋ ತಮಾಷೆ ಮಾಡಿದ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದು ನನಗೆ ನೆನಪಿದೆ. ತಳ ಮುಟ್ಟಿ ಬಗ್ಗಿ ಬುಟ್ಟಿಗೆ ಕೈ ಹಾಕಿದವನು, ನಿದ್ದೆ ಬಂದವನ ಹಾಗೆ ಗೋಡೆಗೆ ಒರಗಿ ಕೂತುಬಿಟ್ಟ. ಎಷ್ಟು ಕೂಗಿದರೂ ತಲೆ ಎತ್ತಲಿಲ್ಲ. ಅವನನ್ನು ತರಲು ಇಳಿದ ಅಪ್ಪನಿಗೆ ಅರ್ಧದಲ್ಲೇ ತಲೆ ಸುತ್ತಿತು. ಮೇಲಿದ್ದವರು ಅವರನ್ನು ಎಳೆದುಕೊಂಡರು. ಮೇಲಿನಿಂದಲೇ ಹಗ್ಗದ ಕುಣಿಕೆ ಹಾಕಿ ಚಿಕ್ಕಪ್ಪನನ್ನು ಎತ್ತುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಗ್ಗದ ಗುರುತು ಬಿಟ್ಟರೆ ಮೈಮೇಲೆ ಒಂದು ಗಾಯವಿರಲಿಲ್ಲ.

ಗಾಯವಿಲ್ಲದ ಸಾವನ್ನು ಊರಿನ ಅರ್ಧ ಜನ ದೆವ್ವದ ತಲೆಗೆ ಕಟ್ಟಿದರು, ಇನ್ನರ್ಧ ಜನ ಚಿಕ್ಕಮ್ಮನ ಕಾಲ್ಗುಣಕ್ಕೆ. ನೀರಿಗೆ ದೂರ ನಡೆಯಬೇಕಲ್ಲ, ಬಾವಿ ಹಸನು ಮಾಡ್ರಿ ಎಂದು ಕೇಳಿದ್ದವಳು ಅವಳೇ. ಅಜ್ಜಿ ಬಾಯಿಬಿಟ್ಟು ಬೈಯಲಿಲ್ಲ, ಆದರೆ ಅವಳ ಕೈಯಿಂದ ಊಟ ತೆಗೆದುಕೊಳ್ಳುವುದನ್ನು ನಿಲ್ಲಿಸಿದಳು. ಮಳೆಗಾಲಕ್ಕೆ ಮುಂಚೆಯೇ ಚಿಕ್ಕಮ್ಮ ನ್ಯಾಮತಿಯ ತವರಿಗೆ ಹೋದಳು.

ಮಳೆ ಬಂದಾಗ ಬಾವಿಗೆ ನೀರು ಬಂತು. ತಳದ ಕೆಸರಿನಿಂದ ಆಗಾಗ ಗುಳ್ಳೆಗಳೆದ್ದು ಮೇಲೆ ಬಂದು ಒಡೆಯುತ್ತಿದ್ದವು. ಅಜ್ಜಿ ಮಧ್ಯಾಹ್ನದ ಬಿಸಿಲಿನಲ್ಲಿ ಕಟ್ಟೆಯ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು.

“ಹೆಣ ಮೇಲೆ ಬಂತು. ಉಸಿರು ಅಲ್ಲೇ ಉಳೀತು. ಬಿಡಾಕೆ ಹತ್ತ್ಯಾನೆ ನೋಡು, ನನ್ನ ಮಗ,” ಎನ್ನುತ್ತಿದ್ದಳು.

ನಾನೂ ನೋಡುತ್ತಿದ್ದೆ. ಒಂದು ಗುಳ್ಳೆ ಒಡೆದ ಮೇಲೆ ಇನ್ನೊಂದು ಬರುವವರೆಗೆ ನನ್ನ ಉಸಿರೂ ನಿಂತಿರುತ್ತಿತ್ತು.

ದಶಕದ ಕೊನೆಯಲ್ಲಿ ನಾನು ಪಿಯುಸಿ ಓದಲು ಹೊನ್ನಾಳಿಗೆ ಬಂದೆ. ಜೀವಶಾಸ್ತ್ರದ ಮೇಷ್ಟ್ರು ಸವಳಂಗದ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಪಠ್ಯ ಇಂಗ್ಲಿಷಿನಲ್ಲಿತ್ತು, ಅವರು ಕನ್ನಡದಲ್ಲಿ ಹೇಳುತ್ತಿದ್ದರು. ಒಂದು ದಿನ ಬೋರ್ಡಿನ ಮೇಲೆ ಕೊಳವೆಗಳಿಂದ ಜೋಡಿಸಿದ ಎರಡು ಗಾಜಿನ ಬುರುಡೆಗಳ ಚಿತ್ರ ಬರೆದರು. ಒಂದರಲ್ಲಿ ನೀರು ಕುದಿಯುತ್ತದೆ, ಸಮುದ್ರದ ಬದಲಿಗೆ. ಇನ್ನೊಂದರಲ್ಲಿ ಮೀಥೇನ್, ಅಮೋನಿಯ, ಜಲಜನಕ. ಅದು ಭೂಮಿಯ ಮೊದಲ ಗಾಳಿ. ಮಿಂಚಿನ ಬದಲಿಗೆ ವಿದ್ಯುತ್ತಿನ ಕಿಡಿ. ಕೆಲವು ದಿನ ಕಳೆಯುವಷ್ಟರಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿತಂತೆ, ನಮ್ಮ ಮೈ ಕಟ್ಟುವ ಪ್ರೋಟೀನಿನ ತುಣುಕುಗಳು ಅದರಲ್ಲಿ ಸಿಕ್ಕವಂತೆ.

“ಜೀವ ಹುಟ್ಟಿತು ಅಂತ ಅಲ್ಲ. ಜೀವಕ್ಕೆ ಬೇಕಾದ ಸಾಮಾನು ಹಿಂಗೆ ಹುಟ್ಟಬಹುದು ಅಂತ ಮಾತ್ರ,” ಎಂದರು. “ಯಾರೂ ಕಂಡಿಲ್ಲ. ಆದ್ರೆ ಒಂದು ಮಾತು ತಿಳ್ಕೊಳ್ರಿ, ಆಗಿನ ಗಾಳಿಯಾಗೆ ಆಮ್ಲಜನಕ ಇರ್ಲೇ ಇಲ್ಲ ಅನ್ಬಹುದು. ಇದ್ದಿದ್ರೆ ಆ ಸಾಮಾನು ಕೂಡಾಕೆ ಮುಂಚೇನೇ ಕೆಡ್ತಿತ್ತು. ನೀವು ಅಲ್ಲಿಗೆ ಹೋಗಿ ನಿಂತ್ರೆ ಎರಡು ಉಸಿರಿಗೆ ಬೀಳ್ತೀರಿ.”

ನಾನು ಎದ್ದು ನಿಂತೆ. ಎದ್ದಿದ್ದು ನನಗೇ ಗೊತ್ತಿರಲಿಲ್ಲ.

“ಸಾರ್, ಬಿದ್ದೋರ ಮೈಮೇಲೆ ಗಾಯ ಇರಲ್ವಾ?”

ಅವರು ಸೀಮೆಸುಣ್ಣ ಕೆಳಗಿಟ್ಟರು. “ಯಾರಮ್ಮ ಬಿದ್ದೋರು?”

ತರಗತಿ ಮುಗಿದ ಮೇಲೆ ಎಲ್ಲ ಹೇಳಿದೆ. ಬಾವಿಯ ತಳದಲ್ಲಿ ಏನಿತ್ತೆಂದು ಅವರು ಕೇಳಿದರು. ಆಮೇಲೆ ಹೇಳಿದರು: ಕೊಳೆತ ಕೆಸರಿನಲ್ಲಿ ಆಮ್ಲಜನಕ ಬೇಡದ, ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಲೋಕದಲ್ಲಿ ಮೊದಲು ಬಂದದ್ದು ಅಂಥವೇ ಇರಬೇಕು. ಆಮೇಲೆ ಹುಟ್ಟಿದ ಕೆಲವು ಜೀವಿಗಳು ಆಮ್ಲಜನಕ ಬಿಡಲು ಶುರುಮಾಡಿದವು. ಹಳಬರಿಗೆ ಅದೇ ವಿಷವಾಯಿತು. ಉಳಿದವು ಗಾಳಿ ಮುಟ್ಟದ ಕೆಸರಿಗೆ ಇಳಿದು ಬಚ್ಚಿಟ್ಟುಕೊಂಡವು. ಗುಳ್ಳೆಯಲ್ಲಿ ಬರುವುದು ಅವು ಬಿಡುವ ಅನಿಲ. ಒಣಗಿದ ಬಾವಿಯಲ್ಲಿ ಅಂಥ ಕೆಟ್ಟ ಗಾಳಿ ತುಂಬಿಕೊಂಡು, ಉಸಿರಾಡುವ ಗಾಳಿಯನ್ನು ಹೊರಗೆ ತಳ್ಳುತ್ತದೆ.

ಹಾಸ್ಟೆಲಿಗೆ ನಡೆದು ಬರುವಾಗ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ದೆವ್ವ ಹೋಯಿತು, ಅದರ ಜಾಗಕ್ಕೆ ಅದಕ್ಕಿಂತ ಹಳೆಯದೊಂದು ಬಂತು. ಚಿಕ್ಕಪ್ಪ ಇಳಿದದ್ದು ಬಾವಿಗಲ್ಲ, ಮನುಷ್ಯರಿಗೆ ಇನ್ನೂ ಜಾಗವೇ ಇಲ್ಲದ ಒಂದು ಕಾಲಕ್ಕೆ ಎನ್ನಿಸಿತು. ಅಜ್ಜಿ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅಲ್ಲಿ ಏನೋ ಉಸಿರಾಡುತ್ತಿತ್ತು. ಅದು ಅವಳ ಮಗ ಆಗಿರಲಿಲ್ಲ, ಅಷ್ಟೇ.

ಆ ಭಾನುವಾರ ಬಸ್ಸು ಹಿಡಿದು ನ್ಯಾಮತಿಗೆ ಹೋದೆ. ಚಿಕ್ಕಮ್ಮ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ನನಗೆ ತಿಳಿದಂತೆ ವಿವರಿಸಿದೆ. ಇದರಲ್ಲಿ ನಿನ್ನ ತಪ್ಪಿಲ್ಲ, ಕಾಲ್ಗುಣವೂ ಇಲ್ಲ, ಗಾಳಿ ಕೆಟ್ಟಿತ್ತು ಎಂದೆ. ಅವಳು ಅಳುತ್ತಾಳೆ, ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಮೊರ ಕೆಳಗಿಟ್ಟಳು.

“ಮಗಾ, ಇಳಿಯಾಕೆ ಮುಂಚೆ ಅದು ತಿಳ್ಕೊಳ್ಳಾಕೆ ಏನಾದ್ರೂ ದಾರಿ ಐತಾ?”

“ಲಾಟೀನು ಹಚ್ಚಿ ಇಳಿಸಿ ನೋಡ್ತಾರಂತೆ ಚಿಕ್ಕಮ್ಮ. ಅದು ಆರಿದ್ರೆ ಇಳೀಬಾರ್ದು.”

ಹೇಳಿದ ಮೇಲೆ ನನಗೆ ಹೊಳೆಯಿತು, ಏನು ಹೇಳಿಬಿಟ್ಟೆನೆಂದು.

“ಅಷ್ಟೇನಾ,” ಎಂದಳು. “ದೆವ್ವ ಆಗಿದ್ರೆ ನಾವೇನೂ ಮಾಡಾಕೆ ಆಗ್ತಿರ್ಲಿಲ್ಲ. ಲಾಟೀನು ಗೂಟದಾಗೆ ನೇತಾಡ್ತಿತ್ತಲ್ಲೇ.”

ಸಂಜೆವರೆಗೂ ಅವಳು ಜೋಳ ಕೇರುತ್ತಲೇ ಇದ್ದಳು. ನಾನು ಹೊರಡುವಾಗ ಮಾತ್ರ ಬಸ್‌ಸ್ಟ್ಯಾಂಡಿನವರೆಗೆ ಬಂದು, “ಊರಾಗೂ ಹೇಳು. ಇನ್ಯಾರಾದ್ರೂ ಇಳಿದಾರು,” ಎಂದಳು.

ರಜೆಯಲ್ಲಿ ಊರಿಗೆ ಹೋದಾಗ ಹೇಳಿದೆ. ಅಪ್ಪ ತಲೆ ತಗ್ಗಿಸಿ ಕೇಳಿದರು. ಅಜ್ಜಿ ಮಾತ್ರ, “ನಿಮ್ಮ ಪುಸ್ತಕ ನಿಮಗಿರ್ಲಿ. ತಾಯಿಗೆ ಗೊತ್ತಾಗಲ್ವಾ ಮಗನ ಉಸಿರು,” ಎಂದು ಬಾವಿಯ ಕಡೆ ಹೋದಳು. ಆದರೆ ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಕೂಗಿ ಕೇಳಿದಳು: “ಆ ಹುಡುಗಿ ಸೊರಗ್ಯಾಳಾ? ಉಣ್ತಾಳಾ?”

ಎಂಬತ್ತರ ದಶಕದ ಶುರುವಿನಲ್ಲಿ ಚಿಕ್ಕಮ್ಮನಿಗೆ ಚನ್ನಗಿರಿಯ ಒಬ್ಬರೊಂದಿಗೆ ಮತ್ತೆ ಮದುವೆಯಾಯಿತು. ಅಜ್ಜಿ ಆಗ ಇರಲಿಲ್ಲ. ಅಪ್ಪ ಸೀರೆ ತೆಗೆದುಕೊಂಡು ಹೋಗಿ ತಾವೇ ಮುಂದೆ ನಿಂತರು. ಕಾಲ್ಗುಣದ ಮಾತು ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಆಮೇಲೊಂದು ಸಲ, ಚಳಿಗಾಲದಲ್ಲಿ, ಅವಳ ಮನೆಗೆ ಹೋಗಿದ್ದೆ. ಮಗುವನ್ನು ಸೊಂಟದ ಮೇಲೆ ಹೊತ್ತು ಮನೆಯೆಲ್ಲ ತೋರಿಸಿದಳು. ಗಂಡ ಸಾಧು ಮನುಷ್ಯರು. ಕಾಫಿ ಕುಡಿಯುತ್ತ ನಗುನಗುತ್ತ ದೂರು ಹೇಳಿದರು: “ನೋಡ್ರಿ, ನಿಮ್ಮ ಚಿಕ್ಕಮ್ಮ ಎಷ್ಟು ಚಳಿ ಇದ್ರೂ ಒಂದು ಕಿಟಕಿ ಮುಚ್ಚಾಕೆ ಬಿಡಲ್ಲ. ಮಗು ಮಲಗಿದ ಕೋಣೇದಂತೂ ಬಾಗಿಲೂ ತೆಗ್ದೇ ಇರ್ಬೇಕು. ಯಾಕೆ ಅಂದ್ರೆ ಹೇಳಲ್ಲ.”

ಅವಳು ನನ್ನ ಮುಖ ನೋಡಿದಳು. ನಾನು ಲೋಟ ಕೆಳಗಿಟ್ಟು, ಗಾಳಿ ಬಂದರೆ ಮಕ್ಕಳಿಗೆ ಒಳ್ಳೆಯದಲ್ಲವಾ ಎಂದೆ.